ಭಾಗ 6: ಮೊದಲು ಕೂದಲು, ಆಮೇಲೆ ಆಪರೇಷನ್

"ಆಪರೇಷನ್ ಯಾವಾಗ?" ಅಂತ ತುಂಬಾ ಜನ ಕೇಳ್ತಿದ್ದೀರಿ. ಈ ರಜೆಗೆ ಅಂತಿತ್ತು. ಈಗ ಬಿಕಾಂ ಮುಗಿದ ಮೇಲೆ. ಕಾರಣ ಕೇಳಿದ್ರೆ ನಗ್ತೀರಿ: ಕೂದಲು.

ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಇದನ್ನ ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ.

ನಾನು ಮಾಡಿಸ್ಕೊಳ್ಳೋ ಆಪರೇಷನ್‌ನಲ್ಲಿ ಈಗಿರುವ ಚರ್ಮವನ್ನೇ, ಅಂದ್ರೆ ಶಿಶ್ನದ ಮತ್ತು ವೃಷಣ ಚೀಲದ ಚರ್ಮವನ್ನೇ ಬಳಸಿ ಯೋನಿಯ ಒಳಪದರ ಮಾಡ್ತಾರೆ. ಆ ಚರ್ಮದಲ್ಲಿ ಕೂದಲಿನ ಬೇರಿದ್ರೆ ಅದೂ ಒಳಗೆ ಹೋಗುತ್ತೆ, ಅಲ್ಲೇ ಬೆಳೆಯುತ್ತೆ. ಸ್ರಾವ ಅಂಟಿಕೊಂಡು ವಾಸನೆ, ಕಿರಿಕಿರಿ, ಕೆಲವೊಮ್ಮೆ ಸೋಂಕು. ಆಮೇಲೆ ತೆಗೆಯೋಣ ಅಂದ್ರೆ ಅಷ್ಟು ಒಳಗೆ ಕೈಯಾಡೋದೇ ಕಷ್ಟ. ಹಾರ್ಮೋನ್‌ನಿಂದ ಹೋಗಲ್ವಾ ಅಂದ್ರೆ, ಮೈಕೂದಲು ತೆಳ್ಳಗಾಗುತ್ತೆ ಅಷ್ಟೇ. ಬೇರು ಸಾಯಲ್ಲ.

ಡಾಕ್ಟರ್ ಎರಡು ದಾರಿ ಹೇಳಿದ್ರು. ಈಗಲೇ ಆಪರೇಷನ್ ಮಾಡಿ, ಆ ಹೊತ್ತಲ್ಲೇ ಚರ್ಮದ ಹಿಂಬದಿಯಿಂದ ಬೇರುಗಳನ್ನ ಕೆರೆದು ಸುಡೋದು. ಆದ್ರೆ ಎಲ್ಲಾ ಬೇರೂ ಹೋಗುತ್ತೆ ಅನ್ನೋ ಖಾತ್ರಿ ಇಲ್ಲ. ಇನ್ನೊಂದು, ಮೊದಲೇ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ಮಾಡಿಸಿ ಕಾಯೋದು. ಒಳದಾರಿ ಇಲ್ಲದೆ ಹೊರರೂಪ ಮಾತ್ರ ಮಾಡಿಸ್ಕೊಳ್ಳೋರಿಗೆ ಈ ತಲೆನೋವೇ ಇಲ್ಲ. ಅದನ್ನೂ ಯೋಚಿಸಿದೆ, ನನಗೆ ಬೇಕಾದದ್ದು ಅದಲ್ಲ.

ಲೇಸರ್ ಕೂದಲಿನ ಕಪ್ಪು ಬಣ್ಣವನ್ನ ಹಿಡಿದು ಬೇರು ಸುಡುತ್ತೆ. ನಮ್ಮಂಥ ಕಂದು ಚರ್ಮಕ್ಕೆ 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಹೆಚ್ಚು ಸುರಕ್ಷಿತ. ಬಿಳಿಕೂದಲಿಗೆ ಲೇಸರ್ ನಾಟಲ್ಲ. ಎಲೆಕ್ಟ್ರಾಲಿಸಿಸ್‌ನಲ್ಲಿ ಒಂದೊಂದು ಬೇರಿಗೂ ಸಣ್ಣ ಸೂಜಿ ಇಳಿಸಿ ಕರೆಂಟ್ ಕೊಡ್ತಾರೆ. ನಿಧಾನ, ನೋವು, ಆದ್ರೆ ಯಾವ ಬಣ್ಣದ ಕೂದಲಾದ್ರೂ ಹೋಗುತ್ತೆ. ಎಲ್ಲಾ ಕೂದಲೂ ಒಟ್ಟಿಗೆ ಬೆಳೆಯಲ್ಲ, ಬೆಳೆಯೋ ಹಂತದಲ್ಲಿ ಇರೋದು ಮಾತ್ರ ಸಾಯೋದು. ಅದಕ್ಕೇ ಮತ್ತೆ ಮತ್ತೆ ಹೋಗ್ಬೇಕು.

ನನ್ನ ಲೆಕ್ಕ: ಆರು ವಾರಕ್ಕೊಂದರಂತೆ 8 ಸಿಟ್ಟಿಂಗ್ ಲೇಸರ್, ಉಳಿದದ್ದಕ್ಕೆ ಎಲೆಕ್ಟ್ರಾಲಿಸಿಸ್, ಮತ್ತೆ ಬರುತ್ತಾ ಅಂತ ನೋಡೋಕೆ 3 ತಿಂಗಳು. ಒಂದೂಕಾಲು ವರ್ಷ.

"ಇಷ್ಟು ವರ್ಷ ಕಾದಿದ್ದೀಯ, ಇನ್ನೊಂದು ವರ್ಷ ಆಗಲ್ವಾ ಮಗಾ?" ಅಂದ್ಲು ಅಮ್ಮ. ಇಷ್ಟು ವರ್ಷ ಕಾದಿದ್ದಕ್ಕೇ ಈ ಒಂದು ವರ್ಷ ಭಾರ ಅಂತ ಅವಳಿಗೆ ಹೇಗೆ ಹೇಳಲಿ?

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿತ್ತು. ನಾನು ಲೈಟ್ ಆರಿಸಿ ಸ್ನಾನ ಮಾಡೋಳು. ನಾನೇ ನೋಡದ ಜಾಗವನ್ನ ಆರು ವಾರಕ್ಕೊಮ್ಮೆ ಟ್ಯೂಬ್‌ಲೈಟ್ ಕೆಳಗೆ ಬೇರೆಯವರಿಗೆ ತೋರಿಸ್ಬೇಕು. ಮೊದಲು ಹೋದ ಕ್ಲಿನಿಕ್‌ನಲ್ಲಿ "ಆ ಜಾಗ ನಾವು ಮಾಡಲ್ಲ" ಅಂತ ಕೌಂಟರ್‌ನಲ್ಲೇ ಎಲ್ಲರಿಗೂ ಕೇಳೋಹಾಗೆ ಹೇಳಿದ್ರು. ಎರಡನೇ ಕಡೆ ಒಬ್ಬ ಅಕ್ಕ ಟವಲ್ ಕೊಟ್ಟು, "ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ" ಅಂದ್ರು. ಅಷ್ಟು ಸಾಕಾಯ್ತು.

ಕೊನೆಗೆ ತೀರ್ಮಾನ ಮಾಡಿದ್ದು ಹೀಗೆ: ಆಪರೇಷನ್ ದಿನ ಬೇಗ ಬರ್ಬೇಕು ಅನ್ನೋದು ಒಂದು ದಿನದ ಆಸೆ. ಆ ದೇಹದಲ್ಲಿ ನಾನು ಐವತ್ತು ವರ್ಷ ಇರ್ಬೇಕು.

ಇದೇ ದಾರೀಲಿ ಇರೋರಿಗೆ: ಯಾವ ಚರ್ಮ ಒಳಗೆ ಹೋಗುತ್ತೆ ಅಂತ ಸರ್ಜನ್ ಹತ್ರ ಚಿತ್ರ ಬರೆಸ್ಕೊಳ್ಳಿ, ಒಬ್ಬೊಬ್ಬರ ವಿಧಾನ ಬೇರೆ. ಲೇಸರ್ ನಡೀತಿರುವಾಗ ವ್ಯಾಕ್ಸ್ ಮಾಡ್ಬೇಡಿ, ಕೀಳ್ಬೇಡಿ. ಶೇವ್ ಮಾಡಬಹುದು.

ಮೂರು ಸಿಟ್ಟಿಂಗ್ ಆಯ್ತು, ಐದು ಬಾಕಿ. ನೋವಿನ ಬಗ್ಗೆ ಮುಂದಿನ ಭಾಗದಲ್ಲಿ ಬರೀತೀನಿ.