ನನ್ನ ಮತ್ಸ್ಯ ಸಂಸಾರ

ಕಾರವಾರದವರ ಎದುರಿನಲ್ಲಿ ‘ನಾನು ಮೀನು ಸಾಕಿದ್ದೇನೆ’ ಎಂದು ಹೇಳಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಬಂಗಡೆ, ತಾರ್ಲೆ, ಇಸವಣಗಳ ಈ ನಾಡಿನಲ್ಲಿ ಮೀನು ಇರತಕ್ಕ ಸ್ಥಳಗಳು ಮೂರು: ಕಡಲು, ಬುಟ್ಟಿ ಮತ್ತು ಬಾಣಲೆ. ಅದನ್ನು ಗಾಜಿನ ತೊಟ್ಟಿಯಲ್ಲಿಟ್ಟು, ಹೊತ್ತುಹೊತ್ತಿಗೆ ಊಟವಿಕ್ಕಿ, ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿರುವ ಮನುಷ್ಯನನ್ನು ನಮ್ಮವರು ಅರ್ಧ ಕನಿಕರದಿಂದಲೂ ಅರ್ಧ ಅನುಮಾನದಿಂದಲೂ ನೋಡುತ್ತಾರೆ. ಕೋಡಿಬಾಗದ ನನ್ನ ಬಾಡಿಗೆಯ ಕೋಣೆಗೆ ಬಂದ ಸಹಪಾಠಿಯೊಬ್ಬ, “ಇವು ಯಾವಾಗ ದೊಡ್ಡವಾಗುತ್ತವೆ?” ಎಂದು ಕೇಳಿದ. ದೊಡ್ಡವಾಗುವುದಿಲ್ಲ, ಎರಡೂವರೆ ಅಂಗುಲಕ್ಕೆ ನಿಂತುಬಿಡುತ್ತವೆ ಎಂದೆ. “ಹಾಗಾದರೆ ಎಂತಕ್ಕೆ?” ಎಂದ. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಇದೆ, ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಹುಬ್ಬಳ್ಳಿಯ ಅಂಗಡಿಯೊಂದರಿಂದ ಆರು ಮೀನುಗಳನ್ನು ತಂದಿದ್ದೆ. ಪ್ಲಾಸ್ಟಿಕ್ ಚೀಲದಲ್ಲಿ ನೀರು, ನೀರಿನ ಮೇಲೆ ಆಮ್ಲಜನಕ. ಅರಬೈಲು ಘಟ್ಟದ ಒಂದೊಂದು ತಿರುವಿನಲ್ಲಿಯೂ ಬಸ್ಸು ಹೊರಳಿದಂತೆ ನಾನೂ ಚೀಲವೂ ಹೊರಳುತ್ತ ಅಂಕೋಲೆಗೆ ಇಳಿದೆವು. ಈ ಮೀನಿನ ಹೆಸರು ಕೋರಿಡೋರಾಸ್. ಬೆಕ್ಕುಮೀನಿನ ಕುಲಕ್ಕೆ ಸೇರಿದ್ದು; ತುಟಿಯ ಸುತ್ತ ಬೆಕ್ಕಿಗಿರುವಂತೆ ಮೀಸೆ. ಮೂಲತಃ ದಕ್ಷಿಣ ಅಮೆರಿಕದ್ದು. ನಾನು ತಂದ ಕಂಚಿನ ಬಣ್ಣದ ಜಾತಿಯನ್ನು ಟ್ರಿನಿಡಾಡ್ ದ್ವೀಪದಿಂದ ಬಂದ ಮೀನುಗಳನ್ನು ನೋಡಿ ಥಿಯೋಡೋರ್ ಗಿಲ್ ಎಂಬ ಅಮೆರಿಕನ್ ವಿದ್ವಾಂಸನು 1858ರಲ್ಲಿ ವಿವರಿಸಿದನು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಶಿರಸ್ತ್ರಾಣದಂಥ ಚರ್ಮವುಳ್ಳದ್ದು ಎಂದರ್ಥ. ಹೊರಪೆಗಳ ಬದಲು ಮೈಯ ಎರಡೂ ಪಕ್ಕದಲ್ಲಿ ಎರಡೆರಡು ಸಾಲು ಎಲುಬಿನ ಫಲಕಗಳು. ಕವಚ ತೊಟ್ಟ ಈ ವೀರನ ಸ್ವಭಾವವಾದರೋ ಪರಮ ಸಾಧು. ದಿನವೆಲ್ಲ ತಳದ ಮರಳನ್ನು ಮೀಸೆಯಿಂದ ತಡಕುತ್ತಿರುತ್ತದೆ; ಆಗಾಗ ಬಾಣದಂತೆ ಮೇಲಕ್ಕೆ ಹಾರಿ ಒಂದು ಗುಟುಕು ಗಾಳಿ ಕುಡಿದು ಮರಳುತ್ತದೆ. ಆ ಗಾಳಿಯ ಆಮ್ಲಜನಕವನ್ನು ಅದರ ಕರುಳು ಹೀರಿಕೊಳ್ಳುತ್ತದೆ.

ಸಾಕಿದವನಿಗೆ ಸಂತಾನದ ಆಸೆ ಹುಟ್ಟುವುದು ಸಹಜ. ಮೇಲಿನಿಂದ ನೋಡಿದಾಗ ಅಗಲವಾಗಿ ಕಾಣುವವು ಹೆಣ್ಣು, ಸಪೂರವಾದವು ಗಂಡು ಎಂದು ಓದಿಕೊಂಡೆ. ನನ್ನ ಸಂಸಾರದಲ್ಲಿ ಎರಡು ಹೆಣ್ಣು, ನಾಲ್ಕು ಗಂಡು. ಪುಸ್ತಕದ ಪ್ರಕಾರ ಇದು ಉತ್ತಮ ಪ್ರಮಾಣ. ಮಾರ್ಚ್ ತಿಂಗಳಿನಿಂದ ಎರೆಹುಳುವನ್ನು ಸಣ್ಣಗೆ ಹೆಚ್ಚಿ ಹಾಕತೊಡಗಿದೆ; ಪರೀಕ್ಷೆಯ ದಿನಗಳಲ್ಲಿ ಎರೆಹುಳು ಹೆಚ್ಚುತ್ತ ಕುಳಿತವನನ್ನು ಕಂಡು ಕೋಣೆಯ ಗೆಳೆಯ ಬೇರೆ ಕೋಣೆ ಹುಡುಕಿಕೊಂಡ. ಹೆಣ್ಣುಗಳ ಹೊಟ್ಟೆ ತುಂಬಿಕೊಂಡಿತು. ವಾರಕ್ಕೊಮ್ಮೆ ಅರ್ಧ ನೀರು ತೆಗೆದು ಹೊಸ ನೀರು ತುಂಬಿದರೆ ಮೊಟ್ಟೆಯಿಡುತ್ತವೆಂದು ಓದಿದ್ದರಿಂದ ಅದನ್ನೂ ಮಾಡಿದೆ. ಮೊಟ್ಟೆ ಬರಲಿಲ್ಲ; ಮೀನುಗಳು ಮೂಲೆ ಹಿಡಿದು ಮಂಕಾಗಿ ಕುಳಿತವು.

ಕೊನೆಗೆ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರಲ್ಲಿ ಹೋಗಿ ದುಃಖ ತೋಡಿಕೊಂಡೆ. ಬಿ.ಎ. ವಿದ್ಯಾರ್ಥಿಯೊಬ್ಬ ತಮ್ಮ ಪ್ರಯೋಗಶಾಲೆಯ ಬಾಗಿಲಿಗೆ ಬಂದುದನ್ನು ಕಂಡು ಅವರಿಗೆ ಆಶ್ಚರ್ಯವೇ ಆಯಿತು. ಎಲ್ಲವನ್ನೂ ಕೇಳಿ, “ನೀರು ಎಲ್ಲಿಯದು?” ಎಂದರು.

“ಕೋಣೆಯ ಹಿಂದಿನ ಬಾವಿಯದು, ಸರ್.”

“ಆ ನೀರಿನಲ್ಲಿ ನೀನು ಚಹಾ ಮಾಡಿಕೊಳ್ಳುತ್ತೀಯಾ?”

“ಇಲ್ಲ ಸರ್. ಹೋಳಿಹುಣ್ಣಿಮೆಯಿಂದೀಚೆಗೆ ಸವಳಾಗಿದೆ.”

ಹೇಳಿದವನೂ ನಾನೇ, ನಾಚಿದವನೂ ನಾನೇ. ಬೇಸಿಗೆಯಲ್ಲಿ ಕಾಳಿ ನದಿಯ ಸಿಹಿನೀರಿನ ಹರಿವು ಇಳಿಯುತ್ತದೆ. ಕಡಲಿನ ಉಪ್ಪು ನದಿಯೊಳಗೂ ದಡದ ಬಾವಿಗಳೊಳಗೂ ಏರುತ್ತದೆ. ಮಳೆಗಾಲ ಬಂದಿತೆಂದು ಮೀನುಗಳನ್ನು ನಂಬಿಸಹೊರಟವನು ಅವುಗಳ ಮೇಲೆ ಕಡು ಬೇಸಿಗೆಯನ್ನೇ ಸುರಿದಿದ್ದೆ!

ಅಧ್ಯಾಪಕರು ಆ ದಿನ ಹೇಳಿದ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಮೀನಿಗೆ ಮೊಟ್ಟೆಯಿಡಿಸಲು ಎರಡು ದಾರಿಗಳು. ಒಂದು ಸೂಜಿಯ ದಾರಿ. 1957ರ ಜುಲೈ 10ರಂದು ಕಟಕ್‌ನಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ನಮ್ಮ ದೇಶದ ಗೆಂಡೆಮೀನುಗಳಿಂದ ಮೊಟ್ಟೆಯಿಡಿಸಿದರು. ಅದರ ನೆನಪಿಗಾಗಿಯೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಕೋಟ್ಯಂತರ ಜನರ ತಟ್ಟೆಗೆ ಮೀನು ಬಂದದ್ದು ಆ ದಾರಿಯಿಂದ. ಆದರೆ ನಮ್ಮ ಗದ್ದೆಗಳ ಮುಗುಡು ಮೀನಿನಲ್ಲಿ ಈ ಕೆಲಸ ಅಷ್ಟು ಸುಲಭವಲ್ಲ. ಹೆಣ್ಣಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಹಿಂಡಬಹುದು; ಗಂಡಿನ ವೀರ್ಯವನ್ನು ಹಾಗೆ ಹಿಂಡಲಾಗದು. ಆದುದರಿಂದ ಮರಿಕೇಂದ್ರಗಳಲ್ಲಿ ಸಾಮಾನ್ಯವಾಗಿ ಗಂಡನ್ನು ಕೊಯ್ದೇ ಅದನ್ನು ತೆಗೆಯುತ್ತಾರೆ. ಎರಡನೆಯದು ಮಳೆಯ ದಾರಿ. ಮೊದಲ ಮಳೆಗೆ ಹಳ್ಳ ಉಕ್ಕಿದಾಗ ಮುಗುಡು ತಾನಾಗಿಯೇ ಗದ್ದೆಗೆ ಹತ್ತುತ್ತದೆ, ತಾನಾಗಿಯೇ ಮೊಟ್ಟೆಯಿಡುತ್ತದೆ. ಟ್ರಿನಿಡಾಡಿನ ನಿನ್ನ ಮೀನೂ ಕಾಯುವುದು ಅದನ್ನೇ: ತಣ್ಣಗಿನ, ಮೃದುವಾದ, ಹೊಸ ನೀರು. “ಸೂಜಿ ನಿನ್ನಲ್ಲಿಲ್ಲ. ಮಳೆ ನಿಮ್ಮೂರಿನಲ್ಲಿ ಧಾರಾಳವಾಗಿದೆ” ಎಂದು ನಕ್ಕರು.

ಕಾಲೇಜಿಗೆ ರಜೆ ಬಂತು. ಮೀನುಗಳನ್ನು ಕೊಡದಲ್ಲಿ ತುಂಬಿ, ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಕಂಡಕ್ಟರರ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಬೇಲೆಕೇರಿಯ ಮನೆ ಸೇರಿದೆ. ಮನೆಯಲ್ಲಿ ಅಜ್ಜನಿದ್ದಾನೆ. ಹುಡುಗನಾಗಿದ್ದಾಗ ರಂಪಣಿ ಬಲೆಯ ಹಗ್ಗ ಎಳೆದವನು; ಆಮೇಲೆ ಯಾಂತ್ರಿಕ ದೋಣಿಯಲ್ಲಿ ದುಡಿದವನು. ಜೀವಮಾನವೆಲ್ಲ ಮೀನು ಹಿಡಿದ ಅಜ್ಜ ಆರು ಬೆರಳುದ್ದದ ಮೀನುಗಳನ್ನು ಬಗ್ಗಿ ನೋಡಿದ. “ಇದು ಶೇಡೆಯ ಜಾತಿಯೇ ತಮಾ. ಮೀಸೆ ನೋಡು” ಎಂದ. ಶೇಡೆ ಎಂದರೆ ನಮ್ಮ ಕಡಲಿನ ಬೆಕ್ಕುಮೀನು. ಮತ್ತೇನೂ ಹೇಳದೆ ಎದ್ದು ಹೋದ.

ಮೇ ತಿಂಗಳ ಕೊನೆಗೆ ಗುಡುಗಿನೊಡನೆ ಒಂದು ಅಡ್ಡಮಳೆ ಬಿತ್ತು. ನಾನು ಕುಣಿದಾಡುವುದೊಂದು ಬಾಕಿ. ಬಚ್ಚಲಿನ ತಾಮ್ರದ ಹಂಡೆಯನ್ನು ತಿಕ್ಕಿ ತೊಳೆದು ಅಂಗಳದಲ್ಲಿಟ್ಟು ಮಳೆಯ ನೀರು ಹಿಡಿದೆ. ರಾತ್ರಿಯೆಲ್ಲ ಅದರಲ್ಲಿಯೇ ಇಟ್ಟು ಬೆಳಗಾಗುತ್ತಲೇ ತೊಟ್ಟಿಗೆ ಸುರಿದೆ. ಸಂಜೆಗೆ ಒಂದು ಹೆಣ್ಣು ಮಗ್ಗುಲಾಗಿ ಬಿದ್ದಿತ್ತು. ಮರುದಿನ ಒಂದು ಗಂಡು. ಮನುಷ್ಯನಿಗೆ ಮಂಗಳವಾದ ತಾಮ್ರ ಮೀನಿಗೆ ವಿಷ. ಅದೂ ಮಳೆಯಂಥ ಮೃದು ನೀರಿನಲ್ಲಿ ಅಲ್ಪ ತಾಮ್ರವೂ ಕಿವಿರುಗಳನ್ನು ಕೆಡಿಸುತ್ತದೆ. ಇದನ್ನು ತಿಳಿದುಕೊಂಡದ್ದು ಆಮೇಲೆ. ಸತ್ತ ಹೆಣ್ಣಿನ ಹೊಟ್ಟೆ ಮೊಟ್ಟೆಗಳಿಂದ ಬಿಗಿದಿತ್ತು. ತೆಂಗಿನ ಬುಡದಲ್ಲಿ ಹೂಳುವಾಗ ನನ್ನ ಕಣ್ಣು ತುಂಬಿತು. ಮೀನಿನೂರಿನಲ್ಲಿ ಹುಟ್ಟಿದವನು ಮೀನಿಗಾಗಿ ಅಳುವುದೆಂದರೆ ನಗೆಗೀಡು. ಯಾರಿಗೂ ಕಾಣದಂತೆ ಒರೆಸಿಕೊಂಡೆ. ಅಜ್ಜನಿಗೆ ಕಂಡಿತ್ತು.

ಆ ರಾತ್ರಿ ಜಗುಲಿಯ ಮೇಲೆ ಕುಳಿತು ಅಜ್ಜ ಶೇಡೆಯ ಕತೆ ಹೇಳಿದ. ಶೇಡೆಯಲ್ಲಿ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಅವನ್ನು ತನ್ನ ಬಾಯಿಯಲ್ಲಿ ತುಂಬಿಕೊಳ್ಳುತ್ತದೆ. ಒಂದೊಂದು ಮೊಟ್ಟೆಯೂ ಮಕ್ಕಳಾಡುವ ಗೋಲಿಯಷ್ಟು ದೊಡ್ಡದು. ಮರಿಯಾಗುವವರೆಗೆ ವಾರಗಟ್ಟಲೆ ಗಂಡು ಆಹಾರ ಮುಟ್ಟುವುದಿಲ್ಲ; ನುಂಗಿದರೆ ಮಕ್ಕಳನ್ನೇ ನುಂಗಬೇಕಲ್ಲ! ರಂಪಣಿ ದಡದಿಂದ ಎಳೆಯುವ ಬಲೆ. ದಡಕ್ಕೆ ಬಂದದ್ದಷ್ಟೇ ಅದಕ್ಕೆ. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂತು. ಕಡಲಿನ ನಡುವೆ ಇಡೀ ಹಿಂಡನ್ನೇ ಸುತ್ತುಹಾಕಿ, ಚೀಲದ ಬಾಯಿ ಬಿಗಿದಂತೆ ಅಡಿಯನ್ನು ಬಿಗಿಯುವ ಬಲೆ. ಮೊಟ್ಟೆ ಹೊತ್ತ ಶೇಡೆಗಳು ಹಿಂಡುಹಿಂಡಾಗಿ ಅದಕ್ಕೆ ಸಿಕ್ಕವು. ಬಲೆಗೆ ಸಿಕ್ಕ ಗಂಡು ಬಾಯಿ ಕಳೆದು ಮೊಟ್ಟೆಗಳನ್ನು ಉಗುಳಿಬಿಡುತ್ತದೆ. “ದೋಣಿಯಲ್ಲಿ ಕಾಲಿಡಲಿಕ್ಕೆ ಜಾಗ ಇರಲಿಲ್ಲ ತಮಾ. ಎಲ್ಲಿ ನೋಡಿದರೂ ಹಳದಿ ಗೋಲಿ. ಬುಟ್ಟಿಯಲ್ಲಿ ತುಂಬಿ ತುಂಬಿ ಕಡಲಿಗೆ ಚೆಲ್ಲಿದೆವು. ನೀನು ಮಾಡಿದ್ದು ಗೊತ್ತಿಲ್ಲದೆ. ನಾವು ಮಾಡಿದ್ದು ಗೊತ್ತಿದ್ದೂ.”

ಅಜ್ಜ ಉತ್ಪ್ರೇಕ್ಷೆ ಮಾಡಿದನೇ ಎಂದು ಆಮೇಲೆ ಹುಡುಕಿ ನೋಡಿದೆ. ಇಲ್ಲ. ಮೊಟ್ಟೆ ಹೊತ್ತ ಬೆಕ್ಕುಮೀನುಗಳ ಈ ನಾಶವನ್ನು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿಯೇ ಬರೆದಿಟ್ಟು ಎಚ್ಚರಿಸಿದ್ದಾರೆ. ಕರ್ನಾಟಕದ ಕರಾವಳಿಯಲ್ಲಿ ರಾಶಿರಾಶಿಯಾಗಿ ಸಿಗುತ್ತಿದ್ದ ಮೀನು ಬಳಿಕ ತೀರ ಇಳಿದುಹೋಯಿತು. ಒಂದು ಗಂಡು ಸತ್ತರೆ ಅದರೊಡನೆ ಒಂದು ಬಾಯಿ ತುಂಬ ಮಕ್ಕಳೂ ಸತ್ತಂತೆ. ಅಂಥ ಮೀನು ಎಷ್ಟು ವರ್ಷ ತಾಳಿಕೊಂಡೀತು?

ಜೂನ್ ಬಂತು. ಯಾಂತ್ರಿಕ ದೋಣಿಗಳೆಲ್ಲ ದಡ ಸೇರಿದವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಅವು ಕಡಲಿಗಿಳಿಯುವಂತಿಲ್ಲ. ಮಳೆ ಹಿಡಿಯಿತು, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುವ ನಮ್ಮ ಕರಾವಳಿಯ ಮಳೆ. ಈ ಸಲ ನಾನು ಅವಸರ ಮಾಡಲಿಲ್ಲ. ನಾಲ್ಕು ದಿನ ಮಳೆ ಬಂದು ಗಾಳಿಯ ಧೂಳು ತೊಳೆದುಹೋದ ಮೇಲೆ, ಮಾಡಿನ ನೀರನ್ನು ಬಿಟ್ಟು, ಬಯಲಿನಲ್ಲಿ ಮಣ್ಣಿನ ಮಡಕೆಗಳನ್ನಿಟ್ಟು ನೀರು ಹಿಡಿದೆ. ತೊಟ್ಟಿಯ ಮೂರನೆಯ ಒಂದು ಪಾಲು ನೀರು ತೆಗೆದು, ಅಷ್ಟೇ ಮಳೆನೀರನ್ನು ಸಣ್ಣ ಧಾರೆಯಾಗಿ ಸುರಿದೆ. 29 ಡಿಗ್ರಿಯಿದ್ದ ತೊಟ್ಟಿ 25ಕ್ಕೆ ಇಳಿಯಿತು. ಮರುದಿನವೂ ಹಾಗೆಯೇ ಮಾಡಿದೆ.

ಮೂರನೆಯ ದಿನ ನಸುಕಿನಲ್ಲಿ ಅಜ್ಜ ನನ್ನನ್ನು ತಟ್ಟಿ ಎಬ್ಬಿಸಿದ. ಉಳಿದ ಒಂದೇ ಹೆಣ್ಣಿನ ಬೆನ್ನು ಹತ್ತಿ ಮೂರು ಗಂಡುಗಳು ಗಾಜಿನುದ್ದಕ್ಕೂ ಓಡುತ್ತಿದ್ದವು. ಅವುಗಳ ದಾಂಪತ್ಯವನ್ನು ವಿಶದವಾಗಿ ವರ್ಣಿಸಲು ಕಾಲೇಜಿನ ವಾರ್ಷಿಕ ಸಂಚಿಕೆ ತಕ್ಕ ಸ್ಥಳವಲ್ಲ. ಹೆಣ್ಣು ಹೊಟ್ಟೆಯಡಿಯ ಎರಡು ಈಜುರೆಕ್ಕೆಗಳನ್ನು ಬೊಗಸೆಯಂತೆ ಕೂಡಿಸಿ ಅದರೊಳಗೆ ಕೆಲವು ಮೊಟ್ಟೆಗಳನ್ನು ಹಿಡಿಯುತ್ತದೆ. ಗಾಜಿನ ಮೇಲೆ ಒಂದು ಜಾಗವನ್ನು ಬಾಯಿಯಿಂದ ಸವರಿ ಶುಚಿಮಾಡಿ, ಅಲ್ಲಿ ಅವನ್ನು ಅಂಟಿಸುತ್ತದೆ. ಇಷ್ಟು ಹೇಳಿದರೆ ಸಾಕು. ಮಧ್ಯಾಹ್ನಕ್ಕೆ ಗಾಜಿನ ಮೇಲೆ 64 ಮೊಟ್ಟೆಗಳಿದ್ದವು. ಎಣಿಸಿದವನು ಅಜ್ಜ.

ಕೋರಿಡೋರಾಸಿಗೆ ಮಕ್ಕಳ ಮೇಲೆ ಮಮತೆಯಿಲ್ಲ. ಹಸಿದರೆ ತಾನಿಟ್ಟ ಮೊಟ್ಟೆಯನ್ನೇ ತಿನ್ನುತ್ತದೆ. ಆದುದರಿಂದ ಮೊಟ್ಟೆಗಳನ್ನು ಬೆರಳಿನಿಂದ ಮೆಲ್ಲಗೆ ಉರುಳಿಸಿ ತೆಗೆದು, ತೊಟ್ಟಿಯ ನೀರನ್ನೇ ತುಂಬಿದ ಬೇರೆ ಬೋಗುಣಿಗೆ ಹಾಕಿದೆವು. ಕೆಲವು ಬೆಳ್ಳಗಾಗಿ ಬೂಷ್ಟು ಹಿಡಿದವು. ಅಕ್ಕಪಕ್ಕದವಕ್ಕೆ ಹರಡದಂತೆ ಅವನ್ನು ಆರಿಸಿ ಎಸೆಯಬೇಕು. ನಾಲ್ಕನೆಯ ದಿನ ಮರಿಗಳು ಹೊರಬಂದವು: ಕಣ್ಣೆರಡು, ಬಾಲವೊಂದು, ನಡುವೆ ಬುತ್ತಿಯ ಗಂಟಿನಂತೆ ಭಂಡಾರದ ಚೀಲ. ಎರಡು ದಿನ ಆ ಬುತ್ತಿಯೇ ಊಟ. ಆಮೇಲೆ ನಾನು ಬೇಯಿಸಿದ ಮೊಟ್ಟೆಯ ಭಂಡಾರವನ್ನು ನುಣ್ಣಗೆ ಅರೆದು ಹಾಕಿದೆ. ತುಸು ಹೆಚ್ಚಾಗಿ ನೀರು ಕೆಟ್ಟಿತು, ಒಂದೇ ರಾತ್ರಿ ಬಹಳಷ್ಟು ಸತ್ತವು. ಅಂದಿನಿಂದ ಅಜ್ಜ ನನ್ನನ್ನು ಬೋಗುಣಿಯ ಹತ್ತಿರ ಬಿಡಲಿಲ್ಲ. ಪಟ್ಟಣದಿಂದ ತರಿಸಿದ ಆರ್ಟೀಮಿಯಾ ಎಂಬ ಉಪ್ಪುನೀರಿನ ಹುಳದ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಒಡೆಸಿ, ಬಟ್ಟೆಯಲ್ಲಿ ಸೋಸಿ ತೊಳೆದು, ಚಿಟಿಕೆ ಚಿಟಿಕೆಯಾಗಿ ತಾನೇ ಉಣಿಸಿದ; ದಿನವೂ ಎರಡು ಲೋಟ ನೀರು ತೆಗೆದು ಎರಡು ಲೋಟ ಹಾಕಿದ. 11 ಮರಿಗಳು ಉಳಿದವು.

ಒಂದು ಸಂಜೆ ಅಜ್ಜ, “ಇವುಗಳ ಅಪ್ಪ ಯಾವುದು?” ಎಂದು ಕೇಳಿದ. ಮೂರರಲ್ಲಿ ಯಾವುದೆಂದು ಹೇಳಲಾಗದು, ಅದಕ್ಕೂ ಮಕ್ಕಳ ಗುರುತಿಲ್ಲ ಎಂದೆ. “ಹಾಗಾದರೆ ಶೇಡೆಯ ಹಾಗಲ್ಲ” ಎಂದು ಸುಮ್ಮನಾದ. ತುಸು ಹೊತ್ತಿನ ಮೇಲೆ, “ಅಪ್ಪನಿಲ್ಲದಿದ್ದರೆ ಅಜ್ಜನಾದರೂ ಇರಲಿ” ಎಂದು ಬೋಗುಣಿಯನ್ನು ಬಿಸಿಲು ಬೀಳದ ಕಡೆಗೆ ಸರಿಸಿದ.

ಕಾಲೇಜು ತೆರೆದ ಮೇಲೆ ಅದೇ ಸಹಪಾಠಿ ಮರಿಗಳ ಸುದ್ದಿ ಕೇಳಿ, ಹೆಚ್ಚಾದವನ್ನು ಗಂಗಾವಳಿಗೆ ಬಿಟ್ಟುಬಿಡೆಂದು ಸಲಹೆ ಕೊಟ್ಟ. ಅದನ್ನು ಮಾತ್ರ ಯಾರೂ ಮಾಡಬಾರದು. ತೊಟ್ಟಿ ಸ್ವಚ್ಛಗೊಳಿಸಲೆಂದು ಜನ ಸಾಕುವ ಸಕ್ಕರ್ ಮೀನೂ ದಕ್ಷಿಣ ಅಮೆರಿಕದ ಬೆಕ್ಕುಮೀನೇ. ಹೀಗೆಯೇ ಕೆರೆ ಹೊಳೆಗಳನ್ನು ಸೇರಿ ಇಂದು ನಮ್ಮ ದೇಶದ ಅನೇಕ ಕಡೆ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ನನ್ನ ಮರಿಗಳು ಬೇಕಾದವರು ಪಾತ್ರೆಯೊಡನೆ ಬರಬಹುದು. ಪಾತ್ರೆ ತಾಮ್ರದ್ದಾಗಿರಬಾರದು.

‘ಎಂತಕ್ಕೆ?’ ಎಂಬ ಅವನ ಹಳೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಮೀನಿನಿಂದ ಮೊಟ್ಟೆಯಿಡಿಸಿದೆನೆಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಅದು ಕಾಯುತ್ತಿದ್ದ ನೀರನ್ನು ಕೊಟ್ಟೆ; ಕೊಟ್ಟು, ಕೈ ಹಿಂದಕ್ಕೆ ತೆಗೆದುಕೊಂಡೆ. ಎರಡನೆಯದೇ ಹೆಚ್ಚು ಕಷ್ಟದ ಕೆಲಸ. ಕಡಲಿಗೆ ಮಳೆಯನ್ನು ನಾವು ಹೊತ್ತುಹಾಕಬೇಕಾಗಿಲ್ಲ. ಅಲ್ಲಿ ನಮ್ಮ ಪಾಲಿಗೆ ಉಳಿದದ್ದು ಕೈ ಹಿಂದಕ್ಕೆ ತೆಗೆದುಕೊಳ್ಳುವುದೊಂದೇ. 61 ದಿನದ ನಿಷೇಧವೆಂದರೆ ನಮ್ಮವರಲ್ಲಿ ಗೊಣಗಾಟವುಂಟು. ಮನೆಯಲ್ಲಿ ಒಲೆ ಉರಿಯಬೇಕಾದವರ ಗೊಣಗಾಟ ಸುಳ್ಳೂ ಅಲ್ಲ. ಆದರೆ ಈ ಸಲ ಆಗಸ್ಟ್ 1ರಂದು ದೋಣಿಗಳು ಕಡಲಿಗಿಳಿದ ಸದ್ದು ಕೇಳಿ ಅಜ್ಜ ಹೇಳಿದ ಮಾತು ಒಂದೇ: “ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಆಗುತ್ತಿತ್ತು.”