ಏಳು ಮೀಟರಿನ ದೋಣಿಗೊಂದು ಗುರುತು

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮುಂಬಯಿಯಲ್ಲಿ ನಾನೊಂದು ಹಾಯಿದೋಣಿಯ ಮೂರನೇ ಒಂದು ಪಾಲು ಕೊಂಡಿದ್ದೇನೆ ಎಂದರೆ ಊರಿನವರು ನಗುತ್ತಾರೆ. ನಮ್ಮ ಮಲ್ಪೆ ಕಡೆ ದೋಣಿ ಅಂದರೆ ದುಡಿಮೆ. "ಎಷ್ಟು ಬಂಗುಡೆ ಸಿಕ್ತದೆ?" ಎಂದು ಭಾವ ಪ್ರತಿ ಸಲವೂ ಕೇಳುತ್ತಾರೆ. ಸಿಗುವುದು ಗಾಳಿ ಮಾತ್ರ. ಪಾಲುದಾರರಲ್ಲಿ ಒಬ್ಬರು ಕುಮಟಾ ಕಡೆಯವರು, ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು; ಇನ್ನೊಬ್ಬರು ದಾದರಿನ ಮರಾಠಿ ಮೇಷ್ಟ್ರು. ಈ ಸಲ ಮಳೆಗಾಲ ಕಳೆದು ದೋಣಿಯನ್ನು ನೀರಿಗಿಳಿಸುವ ಮುಂಚೆ ಒಂದು ವಿಷಯ ತೀರ್ಮಾನವಾಗಬೇಕಿತ್ತು: ಎಐಎಸ್ ಹಾಕಿಸುವುದೋ ಬೇಡವೋ.

ದೋಣಿಯ ಹೆಸರು, ಇರುವ ಜಾಗ, ವೇಗ, ದಿಕ್ಕು ಇಷ್ಟನ್ನೂ ರೇಡಿಯೋದಲ್ಲಿ ತಾನಾಗಿ ಸಾರುತ್ತಿರುವ ಪೆಟ್ಟಿಗೆ ಅದು. ಪ್ರತಿ ದೋಣಿಗೂ 9 ಅಂಕಿಯ ಸಂಖ್ಯೆ, ಭಾರತದ್ದಾದರೆ 419ರಿಂದ ಶುರು. ಖಾತೆ ನಂಬರಿನ ಹಾಗೆ ಎಂದುಕೊಂಡಾಗ ನನಗೆ ಬೇಗ ತಲೆಗೆ ಹೋಯಿತು. ದೊಡ್ಡ ಹಡಗುಗಳಿಗೆ ಇದು ಎರಡು ದಶಕಗಳಿಂದ ಕಡ್ಡಾಯ. 2008ರ ನವೆಂಬರಿನಲ್ಲಿ ದಾಳಿಕೋರರು 'ಕುಬೇರ್' ಎಂಬ ಮೀನುದೋಣಿಯನ್ನು ವಶಮಾಡಿಕೊಂಡು ಸಮುದ್ರದ ದಾರಿಯಲ್ಲೇ ಈ ಊರಿಗೆ ಬಂದ ಮೇಲೆ 20 ಮೀಟರಿಗಿಂತ ಉದ್ದದ ದೋಣಿಗಳಿಗೂ ಬಂತು. ನಮ್ಮದು ಏಳು ಮೀಟರು. ಹಾಕುವುದು ಬಿಡುವುದು ನಮ್ಮಿಷ್ಟ.

ಕಳೆದ ಜನವರಿ ಆಗದೇ ಇದ್ದಿದ್ದರೆ ಈ ಮಾತೇ ಏಳುತ್ತಿರಲಿಲ್ಲ. ಮಾಂಡವಾದಿಂದ ಬೆಳಿಗ್ಗೆ ವಾಪಸು ಬರುತ್ತಿದ್ದೆವು. ಮಂಜೋ ಹೊಗೆಯೋ ತಿಳಿಯದಂಥ ಮುಂಬಯಿಯ ಚಳಿಗಾಲದ ಮಬ್ಬು. ಹಡಗುಗಳು ಹೋಗುವ ಚಾನೆಲ್ಲಿನ ನಡುವೆ ಗಾಳಿ ಬಿದ್ದುಹೋಯಿತು, ಮೋಟರ್ ಹತ್ತಲೊಲ್ಲದು. ಎಲ್ಲೋ ಹಡಗಿನ ಹಾರ್ನ್ ಕೇಳಿತು, ಯಾವ ದಿಕ್ಕೋ ಗೊತ್ತಿಲ್ಲ. ಮೂವರೂ ಮಾತಾಡಲಿಲ್ಲ. ಮೋಟರ್ ಹತ್ತಿದ ಮೇಲೆ ನೋಡಿದರೆ, ನಾವಿದ್ದ ಜಾಗದ ಮೇಲೇ ಕಂಟೇನರ್ ಹಡಗೊಂದು ನ್ಹಾವಾ ಶೇವಾ ಕಡೆಗೆ ಸಾಗುತ್ತಿತ್ತು, ನಾಲ್ಕು ಮಾಳಿಗೆಯ ಚಾಳು ನಡೆದುಕೊಂಡು ಹೋದ ಹಾಗೆ.

ಎಂಜಿನಿಯರರ ವಾದ ಬೇರೆಯೇ. "ಕೇಳುವ ಪೆಟ್ಟಿಗೆ ಮಾತ್ರ ಸಾಕು ಮಾರಾಯ್ರೆ. ಚಾನೆಲ್ಲಿನಲ್ಲಿ ದೊಡ್ಡ ಹಡಗಿಗೆ ನಾವೇ ದಾರಿ ಬಿಡಬೇಕು, ನಿಯಮವೇ ಹಾಗೆ. ಅದು ಎಲ್ಲಿದೆ ಅಂತ ನಮಗೆ ತಿಳಿದ್ರೆ ಮುಗೀತು." ಸರಿಯಾದ ಮಾತೇ, ದೋಣಿ ನಡೆಯುತ್ತಿರುವಷ್ಟು ಹೊತ್ತು. ನಿಂತುಹೋದರೆ ದಾರಿ ಬಿಡುವುದು ಹೇಗೆ? ಆಗ ಅವರಿಗೆ ನಾವು ಗೊತ್ತಾಗಬೇಕು.

ಕೈಪಿಡಿ ಓದಿದಾಗ ಇನ್ನೊಂದು ಸಂಗತಿ ಕಂಡಿತು. ಸಣ್ಣ ದೋಣಿಯ ಪೆಟ್ಟಿಗೆ ಓಡುವಾಗ 30 ಸೆಕೆಂಡಿಗೊಮ್ಮೆ ಸಾರುತ್ತದೆ. ವೇಗ 2 ನಾಟಿಗಿಂತ ಇಳಿದರೆ 3 ನಿಮಿಷಕ್ಕೊಮ್ಮೆ. ಅಷ್ಟರಲ್ಲಿ 10 ನಾಟಿನ ಹಡಗು 900 ಮೀಟರಿಗೂ ಹೆಚ್ಚು ಬಂದಿರುತ್ತದೆ. ಕೆಟ್ಟು ನಿಂತಾಗಲೇ ಕೂಗು ಕಡಿಮೆಯೇ? ಎಂಜಿನಿಯರರು ನಕ್ಕರು: "ನಿಂತ ದೋಣಿಯ ಹಳೇ ಸುದ್ದಿಯೂ ನಿಜವೇ ಅಲ್ವಾ? ಇಳಿತಕ್ಕೆ ಜೋರಾಗಿ ತೇಲಿಹೋದ್ರೆ ಅದೂ ವೇಗವೇ, ಪೆಟ್ಟಿಗೆ ಮತ್ತೆ ಬೇಗ ಬೇಗ ಹೇಳ್ತದೆ." ಒಪ್ಪಿದೆ. ಆದರೆ ಕೋಳಿ ಮೀನುಗಾರರ ಅದೆಷ್ಟೋ ದೋಣಿಗಳಲ್ಲಿ ಈ ಪೆಟ್ಟಿಗೆಯೇ ಇಲ್ಲ. ಪರದೆ ಖಾಲಿ ಅಂತ ಸಮುದ್ರ ಖಾಲಿ ಇರುವುದಿಲ್ಲ; ಮುಂದೆ ಒಬ್ಬ ಕೂತು ನೋಡುತ್ತಲೇ ಇರಬೇಕು.

ಮೇಷ್ಟ್ರಿಗೆ ಖರ್ಚಿನ ಚಿಂತೆಯಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೂ ಸಮುದ್ರಕ್ಕೆ ಹೋಗುವುದು ಮಗನಿಗೆ ತಿಳಿದೀತು ಎಂಬುದೇ ಚಿಂತೆ. ದಡದ ರಿಸೀವರ್ ಹಿಡಿದದ್ದನ್ನು ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದಲ್ಲ. ನನ್ನ ಹೆಂಡತಿಯನ್ನು ಕೇಳಿದರೆ, "ಹಾಕ್ಸಿ. ಆದ್ರೆ ನನ್ನ ಫೋನಿಗೆ ಬೇಡ ಕಣ್ರೀ. ಆ ಚುಕ್ಕೆ ನಿಂತ್ರೆ ನನ್ನೆದೆ ನಿಲ್ಲತ್ತೆ" ಎಂದಳು.

ಸಾರುವ ಪೆಟ್ಟಿಗೆಯನ್ನೇ ಹಾಕಿಸುವುದೆಂದು ಕೊನೆಗೆ ನಿಶ್ಚಯವಾಯಿತು. ಮೂರು ಪಾಲು ಮಾಡಿದರೆ ನನ್ನ ಒಂದು ತಿಂಗಳ ಪಿಂಚಣಿಗಿಂತ ಕಡಿಮೆ. ಮೋಟರಿನದಲ್ಲದೆ ಇದಕ್ಕೇ ಬೇರೆ ಬ್ಯಾಟರಿ ಎಂಬುದು ನನ್ನ ಷರತ್ತು. ಸುಮ್ಮನಾಗಿಸುವ ಗುಂಡಿ ಇರುವಂಥದ್ದೇ ಬೇಕೆಂದು ಮೇಷ್ಟ್ರ ಹಟ. ಸಿಕ್ಕಿದೆ, ಗುಂಡಿ ಒತ್ತುವ ಅಧಿಕಾರ ಯಾರದ್ದು ಎಂಬ ಚರ್ಚೆ ಮಾತ್ರ ಇನ್ನೂ ನಡೆದಿದೆ.