ಅಂಕಲಗಿಯಿಂದ ಮೂಡಲಗಿಗೆ: ಸೈಕಲ್ ಸವಾರಿ ಮತ್ತು ಕಾಲುವೆಯ ದಂಡೆ

ಬೆಳಗಾವಿ ಮತ್ತು ಗೋಕಾಕಗಳ ನಡುವಣ ಅಂಕಲಗಿಯಿಂದ ಹೊರಟು, ಹುಕ್ಕೇರಿ ತಾಲ್ಲೂಕಿನ ಪಾಶ್ಚಾಪುರದ ಕಡೆಗೆ ಹೊರಳಿ, ಮಾರ್ಕಂಡೇಯ ನದಿಯ ಕಣಿವೆಯನ್ನು ಹಾಯ್ದು, ಗೋಕಾಕ ಫಾಲ್ಸ್ ಮತ್ತು ಧೂಪದಾಳಗಳ ಮೂಲಕ ಮೂಡಲಗಿಯನ್ನು ಮುಟ್ಟುವ ದಾರಿ ನಕಾಶೆಯಲ್ಲಿ ಒಂದೇ ಗೆರೆಯಾಗಿ ಸಿಗುವಂಥದಲ್ಲ. ಜಿಲ್ಲಾ ರಸ್ತೆ, ಹೊಲದ ಹಾದಿ, ಕಾಲುವೆಯ ದಂಡೆ ಇವುಗಳನ್ನು ಸೈಕಲ್ ಸವಾರನೇ ಒಂದಕ್ಕೊಂದು ಜೋಡಿಸಿಕೊಳ್ಳಬೇಕಾಗುತ್ತದೆ. ಪ್ರಸ್ತುತ ಕಥನದ ಸವಾರನು ಈ ಸುತ್ತುದಾರಿಯನ್ನು ಆರಿಸಿಕೊಂಡದ್ದಕ್ಕೆ ಜಲಪಾತಗಳ ಆಕರ್ಷಣೆಗಿಂತ ಬೇರೆಯೇ ಕಾರಣವಿತ್ತು. ರಾಜ್ಯದ ದೊಡ್ಡ ನಗರಗಳಲ್ಲಿ ಸೈಕಲ್ ಪಥಗಳು, ಅಂದರೆ ಮೋಟಾರು ವಾಹನಗಳಿಂದ ಬೇರ್ಪಡಿಸಿ ಸೈಕಲ್ಲಿಗಾಗಿಯೇ ಕಾದಿಟ್ಟ ರಸ್ತೆಪಟ್ಟಿಗಳು, ನಿರ್ಮಾಣವಾಗುತ್ತಿರುವ ಕಾಲದಲ್ಲಿ, ಸೈಕಲ್ಲನ್ನು ಶೋಕಿಗಲ್ಲದೆ ಶಾಲೆಗೆ, ಹೊಲಕ್ಕೆ, ಗಿರಣಿಗೆ ಹೋಗಲು ಬಳಸುತ್ತ ಬಂದಿರುವ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಪಾಲಿಗೆ ಏನು ಬಂದಿದೆಯೆಂಬುದನ್ನು ಸೀಟಿನ ಮೇಲೆ ಕುಳಿತೇ ನೋಡಬೇಕೆಂಬುದು ಅವನ ಉದ್ದೇಶವಾಗಿತ್ತು.

ನೆರೆಯ ಅಕ್ಕತಂಗೇರಹಾಳದೊಂದಿಗೆ ಹೆಸರು ಹಂಚಿಕೊಂಡಿರುವ ಅಂಕಲಗಿಯು ಸುತ್ತಲಿನ ಭಕ್ತರಿಗೆ ಅಡವಿಸಿದ್ಧೇಶ್ವರ ಮಠದ ಊರೆಂದೇ ಪರಿಚಿತ. ಮೀರಜ್–ಲೋಂಡಾ ರೈಲುಮಾರ್ಗವು ಸುಳೇಭಾವಿ, ಸುಳಧಾಳ, ಪಾಶ್ಚಾಪುರ, ಗೋಕಾಕ ರೋಡ್, ಘಟಪ್ರಭಾ ಎಂದು ನಿಲ್ದಾಣಗಳನ್ನು ಸಾಲಾಗಿ ಎಣಿಸುತ್ತ ಹೋದರೂ ಅಂಕಲಗಿಯನ್ನು ಮುಟ್ಟುವುದಿಲ್ಲವಾದ್ದರಿಂದ, ಬಸ್ಸು ತಪ್ಪಿದವನಿಗೆ ಇಲ್ಲಿ ರಸ್ತೆಯೇ ಗತಿ. ಆ ರಸ್ತೆಯೋ ಕಬ್ಬು ನುರಿಸುವ ಹಂಗಾಮಿನಲ್ಲಿ, ಅಂದರೆ ದೀಪಾವಳಿಯ ಆಚೀಚೆಯಿಂದ ಬೇಸಿಗೆ ಕಾಲೂರುವವರೆಗೆ, ಬಹುಮಟ್ಟಿಗೆ ಟ್ರ್ಯಾಕ್ಟರುಗಳ ಸ್ವತ್ತು. ಎರಡೆರಡು ಟ್ರೇಲರುಗಳನ್ನು ಬೆನ್ನಿಗೆ ಕಟ್ಟಿಕೊಂಡು, ಕಬ್ಬಿನ ಸೋಗೆಯನ್ನು ಇಕ್ಕೆಲಕ್ಕೂ ಚಾಚಿ, ಜಾನಪದ ಹಾಡುಗಳನ್ನು ಗಗನಕ್ಕೇರಿಸಿ ಬರುವ ಈ ವಾಹನಗಳನ್ನು ಕಿವಿಯಿಂದಲೇ ಗುರುತಿಸಬಹುದು. ಆದರೆ ಮೊದಲ ಟ್ರೇಲರು ದಾಟಿತೆಂದು ಸೈಕಲ್ ಸವಾರನು ಡಾಂಬರಿನ ಮೇಲಕ್ಕೆ ಮರಳುವಷ್ಟರಲ್ಲಿ ಎರಡನೆಯದು ಬಾಲದಂತೆ ಬೀಸಿ ಅಂಚಿನವರೆಗೂ ಬರುತ್ತದೆಂಬ ಅರಿವು ಅನುಭವದಿಂದಷ್ಟೇ ಬರುವಂಥದು. ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ ಗೇಣುದ್ದ ತಗ್ಗು ಇರುವ ಕಡೆಗಳಲ್ಲಿ ಕೆಳಗಿಳಿಯುವುದೂ ಸುಲಭವಲ್ಲ, ಇಳಿಯದಿರುವುದೂ ಕ್ಷೇಮವಲ್ಲ.

ಇಂಥ ಅಂಚಿನಲ್ಲಿಯೇ ಮುಂಜಾನೆ ಶಾಲೆಗೆ ಹೋಗುವ ಮಕ್ಕಳ ಸೈಕಲ್ಲುಗಳು ಸಾಲುಗಟ್ಟುತ್ತವೆ. ಕರ್ನಾಟಕ ಸರ್ಕಾರವು 2006–07ರಲ್ಲಿ ಪ್ರಾರಂಭಿಸಿದ ಉಚಿತ ಸೈಕಲ್ ಯೋಜನೆಯು ಮೊದಲು ಬಡ ಕುಟುಂಬಗಳ ಹೆಣ್ಣುಮಕ್ಕಳನ್ನು ಗಮನದಲ್ಲಿಟ್ಟುಕೊಂಡು, ಬಳಿಕ ಗಂಡುಮಕ್ಕಳಿಗೂ ವಿಸ್ತರಿಸಿ, ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೆಯ ತರಗತಿಯ ವಿದ್ಯಾರ್ಥಿಗಳನ್ನು ಒಳಗೊಂಡಿತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ವಿತರಣೆ ನಿಂತಿತು. ಏಳನೆಯ ತರಗತಿಯವರೆಗೆ ಊರಲ್ಲೇ ಓದಿ, ಪ್ರೌಢಶಾಲೆಗೆ ಮೂರು ನಾಲ್ಕು ಕಿಲೋಮೀಟರ್ ದೂರದ ದೊಡ್ಡ ಊರಿಗೆ ಹೋಗಬೇಕಾಗಿದ್ದ ಹುಡುಗಿಯರ ಓದು ಅಲ್ಲಿಗೇ ಮುಗಿಯದಂತೆ ನೋಡಿಕೊಂಡ ಈ ಯೋಜನೆಯು, ಯಾವ ನಗರದ ಯಾವ ಸೈಕಲ್ ಪಥವೂ ಮಾಡದಷ್ಟು ಮಂದಿಯನ್ನು ರಾಜ್ಯದಲ್ಲಿ ಸೈಕಲ್ಲಿನ ಮೇಲೆ ಕೂರಿಸಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಅದರ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ಗುತ್ತಿಗೆಯ ಬಗ್ಗೆ ಚರ್ಚೆಗಳಿದ್ದವು. ಆದರೆ ಅವೆಲ್ಲಕ್ಕಿಂತ ದೊಡ್ಡ ಕೊರತೆಯನ್ನು ಯಾರೂ ಅಷ್ಟಾಗಿ ಆಡಲಿಲ್ಲ. ಸೈಕಲ್ ಕೊಟ್ಟ ಸರ್ಕಾರವು ಅದನ್ನು ತುಳಿಯಲು ಒಂದು ಮಾರು ಅಗಲದ ನೆಲವನ್ನು ಬೇರ್ಪಡಿಸಿ ಕೊಡಲಿಲ್ಲ. ಶಿಕ್ಷಣ ಇಲಾಖೆಯ ಕಡತದಲ್ಲಿ ಹುಟ್ಟಿದ ಸೈಕಲ್ಲಿಗೆ ಲೋಕೋಪಯೋಗಿ ಇಲಾಖೆಯ ರಸ್ತೆಯಲ್ಲಿ ಜಾಗ ಸಿಗಬೇಕಾದರೆ ಎರಡು ಕಡತಗಳು ಭೇಟಿಯಾಗಬೇಕಿತ್ತು.

ಪಾಶ್ಚಾಪುರವನ್ನು ದಾಟಿದ ಮೇಲೆ ನೆಲದ ಸ್ವಭಾವ ಬದಲಾಗುತ್ತದೆ. ಎರೆಮಣ್ಣು ಹಿಂದೆ ಸರಿದು, ಕಲ್ಲುಮಿಶ್ರಿತ ಮಡ್ಡಿ ನೆಲ ಎದುರಾಗುತ್ತದೆ. ಮಾರ್ಕಂಡೇಯ ನದಿಯು ಇದೇ ಬಂಡೆಗಳನ್ನು ಕೊರೆದುಕೊಂಡು ಗೊಡಚಿನಮಲ್ಕಿಯಲ್ಲಿ ಎರಡು ಹಂತಗಳಲ್ಲಿ ಧುಮುಕಿ, ಮುಂದೆ ಗೋಕಾಕದ ಸಮೀಪ ಘಟಪ್ರಭೆಯನ್ನು ಸೇರುತ್ತದೆ. ಒಂದೇ ಗೇರಿನ ಕಬ್ಬಿಣದ ಸೈಕಲ್ಲಿಗೆ ಇಲ್ಲಿನ ಏರುಗಳು ಇಳಿದು ನಡೆಯಲೇಬೇಕಾದಂಥವು, ಮತ್ತು ಇಳಿದು ನಡೆಯುವುದನ್ನು ಈ ಭಾಗದಲ್ಲಿ ಯಾರೂ ಸೋಲೆಂದು ಎಣಿಸುವುದಿಲ್ಲ. ಜಲಪಾತದ ವರ್ಣನೆ ಇಲ್ಲಿ ಅಪ್ರಸ್ತುತ. ಮಳೆಗಾಲದ ಭಾನುವಾರಗಳಲ್ಲಿ ಕಾರುಗಳ ಸಾಲು ಅದನ್ನು ಸಾಕಷ್ಟು ಮಾಡುತ್ತದೆ.

ಗೋಕಾಕ ಫಾಲ್ಸ್ ಮಾತ್ರ ಸೈಕಲ್ಲಿನ ಚರಿತ್ರೆಗೆ ನೇರವಾಗಿ ಸಂಬಂಧಿಸಿದ ಸ್ಥಳ. ಘಟಪ್ರಭೆಯು 52 ಮೀಟರ್ ಕೆಳಗೆ ಬೀಳುವ ಈ ಜಾಗದಲ್ಲಿ 1885ರಲ್ಲಿ ಸ್ಥಾಪಿತವಾದ ಹತ್ತಿಗಿರಣಿಯು ನೀರಿನ ರಭಸವನ್ನೇ ಯಂತ್ರಶಕ್ತಿಯನ್ನಾಗಿಸಿಕೊಂಡಿತು. ಜಲವಿದ್ಯುತ್ತಿನ ದೃಷ್ಟಿಯಿಂದಲೂ ಇದು ದೇಶದ ಅತ್ಯಂತ ಹಳೆಯ ನೆಲೆಗಳಲ್ಲಿ ಒಂದು. ಹೊಳೆಯ ಎರಡು ದಡಗಳನ್ನು ಕೂಡಿಸುವ, ಸುಮಾರು 201 ಮೀಟರ್ ಉದ್ದದ ತೂಗುಸೇತುವೆಯು ಇಂದು ಪ್ರವಾಸಿಗಳ ಚಿತ್ರಗಳಲ್ಲಿ ಹೆಸರು ಮಾಡಿದೆಯಾದರೂ, ಗಿರಣಿಯ ಪಾಳಿ ಬದಲಾಗುವ ಹೊತ್ತಿನ ಓಡಾಟವನ್ನು ಬಿಟ್ಟು ಅದನ್ನು ಅರ್ಥಮಾಡಿಕೊಳ್ಳಲಾಗದು. ಪಾಳಿಯ ದುಡಿಮೆಗೂ ಸೈಕಲ್ಲಿಗೂ ಇರುವ ನಂಟು ಎಲ್ಲ ಗಿರಣಿ ಊರುಗಳಲ್ಲಿಯೂ ಒಂದೇ ಬಗೆಯದು: ಬಸ್ಸಿನ ವೇಳಾಪಟ್ಟಿಯು ಸೈರನ್ನಿನ ಮಾತು ಕೇಳುವುದಿಲ್ಲ, ಸೈಕಲ್ ಕೇಳುತ್ತದೆ. ಈಗ ಆ ಜಾಗವನ್ನು ಮೋಟಾರ್ ಬೈಕ್ ಹಿಡಿದುಕೊಂಡಿದೆ. ಮಹಾಲಿಂಗೇಶ್ವರ ದೇವಾಲಯದ ಬಳಿ ಸೈಕಲ್ ನಿಲ್ಲಿಸಿದ ಸವಾರನಿಗೆ ಅದರ ಪಕ್ಕದಲ್ಲಿ ಇನ್ನೊಂದು ಸೈಕಲ್ ಕಾಣಲಿಲ್ಲ.

ಫಾಲ್ಸಿನಿಂದ ಮೇಲ್ಬದಿಗೆ ಸ್ವಲ್ಪ ದೂರದಲ್ಲಿರುವ ಧೂಪದಾಳದ ಒಡ್ಡು, ಎಂದರೆ ನೀರನ್ನು ಬಹುಕಾಲ ಸಂಗ್ರಹಿಸದೆ ಮಟ್ಟವನ್ನಷ್ಟೇ ಏರಿಸಿ ಕಾಲುವೆಗೆ ತಿರುಗಿಸುವ ಅಡ್ಡಗೋಡೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ನಿರ್ಮಾಣ. ಅದರ ಹಿನ್ನೀರು 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿತವಾಗಿದ್ದು, ಚಳಿಗಾಲದಲ್ಲಿ ದೂರದೇಶದ ಕೊಕ್ಕರೆ, ಕ್ರೌಂಚಗಳು ಇಲ್ಲಿಗೆ ಬರುತ್ತವೆ. ಒಡ್ಡಿನಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯು ಮೊದಲು 71 ಕಿಲೋಮೀಟರ್ ಉದ್ದವಿದ್ದು, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಜಲಾಶಯವು ಬಂದ ಕಾಲಘಟ್ಟದಲ್ಲಿ 109 ಕಿಲೋಮೀಟರ್‌ಗಳಿಗೆ ವಿಸ್ತರಿಸಿತು. ಮೂಡಲಗಿ ಭಾಗದ ಕಬ್ಬು, ಗೋವಿನಜೋಳ, ಅರಿಷಿಣಗಳ ಹಸಿರು ಈ ಕಾಲುವೆಯ ಕೊಡುಗೆ.

ಸವಾರನು ಹುಡುಕಿಕೊಂಡು ಬಂದದ್ದು ಸಿಕ್ಕಿದ್ದು ಇಲ್ಲಿಯೇ. ಪ್ರತಿಯೊಂದು ದೊಡ್ಡ ಕಾಲುವೆಯ ದಂಡೆಯ ಮೇಲೂ ತಪಾಸಣಾ ದಾರಿಯೊಂದಿರುತ್ತದೆ. ನೀರಾವರಿ ಇಲಾಖೆಯ ಸಿಬ್ಬಂದಿ ತೂಬುಗಳನ್ನು, ಸೋರಿಕೆಗಳನ್ನು ನೋಡಿಕೊಂಡು ಹೋಗಲೆಂದು ಮಾಡಿದ ದಾರಿಯದು. ಕಾಲುವೆಯು ನೆಲದ ಸಮಮಟ್ಟದ ರೇಖೆಯನ್ನು ಹಿಡಿದು, ಕಿಲೋಮೀಟರಿಗೆ ಅತ್ಯಲ್ಪವೆನ್ನುವಷ್ಟೇ ಇಳಿಜಾರಿನಲ್ಲಿ ಹರಿಯಬೇಕಾದ್ದರಿಂದ, ಅದರ ಮಗ್ಗುಲಲ್ಲಿ ಸಾಗುವ ದಾರಿಯಲ್ಲಿ ಏರೂ ಇಲ್ಲ, ಇಳಿತವೂ ಇಲ್ಲ. ಸೈಕಲ್ ಪಥದ ವಿನ್ಯಾಸಕಾರನು ದುಡ್ಡು ಸುರಿದು ಸಾಧಿಸಬೇಕಾದ ಸಮತಟ್ಟನ್ನು ನೀರಾವರಿ ಎಂಜಿನಿಯರನು ನೂರು ವರ್ಷಗಳಿಗೂ ಹಿಂದೆಯೇ ಮಾಡಿಟ್ಟಿದ್ದಾನೆ. ಅಲ್ಲದೆ ಈ ದಾರಿಯು ಊರಿಂದ ಊರಿಗೆ, ಹೊಲದ ನಡುವೆ, ಟ್ರ್ಯಾಕ್ಟರುಗಳ ಹೆದ್ದಾರಿಯಿಂದ ದೂರವಾಗಿ ಹೋಗುತ್ತದೆ. ಅರಭಾವಿಯ ಕಡೆಗೆ ಸಾಗುವಾಗ ಹಾಲಿನ ಕ್ಯಾನುಗಳನ್ನು ಕ್ಯಾರಿಯರಿನ ಎರಡೂ ಬದಿಗೆ ತೂಗುಬಿಟ್ಟ ಸೈಕಲ್ಲುಗಳು, ಮೇವಿನ ಹೊರೆ ಹೊತ್ತ ಸೈಕಲ್ಲುಗಳು, ಒಳಪೆಡಲು ತುಳಿಯುತ್ತಿದ್ದ ಚಿಕ್ಕ ಹುಡುಗನೊಬ್ಬನ ದೊಡ್ಡ ಸೈಕಲ್ಲು, ಹೀಗೆ ಡಾಂಬರು ರಸ್ತೆಯಲ್ಲಿ ಕಾಣೆಯಾಗಿದ್ದ ಸೈಕಲ್ಲುಗಳು ಸಾಲಾಗಿ ಎದುರಾದವು. ಸೈಕಲ್ ಸತ್ತುಹೋಯಿತೆಂಬ ಮಾತನ್ನು ರಸ್ತೆಯ ಮೇಲೆ ನಿಂತು ಆಡಬಹುದು. ದಂಡೆಯ ಮೇಲೆ ನಿಂತು ಆಡಲಾಗದು.

ದಂಡೆಯ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಎರೆಮಣ್ಣಿನ ತುಣುಕುಗಳಲ್ಲಿ ಒಂದು ಹದಮಳೆ ಬಿದ್ದರೆ ಸಾಕು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಜಾಲಿಮುಳ್ಳಿನ ಕಾಟ ಬೇರೆ. ಹೆಚ್ಚಿನ ಕಡೆ ತಡೆಗೋಡೆಯಿಲ್ಲ. ತಡೆಯಿಲ್ಲದ ನಾಲೆಯ ದಂಡೆ ಎಷ್ಟು ಅಪಾಯಕರವೆಂಬುದನ್ನು 2018ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತ ದುರಂತವು ತೋರಿಸಿದೆ. ಆದ್ದರಿಂದ ದಂಡೆಯನ್ನು ಸೈಕಲ್ಲಿಗೆ ತೆರೆಯುವುದೆಂದರೆ ಅದನ್ನು ಮೋಟಾರು ವಾಹನಗಳಿಗೆ ಮುಚ್ಚುವುದೆಂದೂ ಅರ್ಥ. ಪ್ರವೇಶದಲ್ಲಿ ಸೈಕಲ್ ಮಾತ್ರ ತೂರುವಷ್ಟು ಅಂತರ ಬಿಟ್ಟು ಕಲ್ಲುಕಂಬಗಳನ್ನು ನೆಡುವುದು ಇದರ ಮೊದಲ ಮತ್ತು ಅತಿ ಅಗ್ಗದ ಕೆಲಸ.

ಇದು ಹಗಲುಗನಸೇನೂ ಅಲ್ಲ. ದೋಣಿಗಳನ್ನು ಕುದುರೆಗಳಿಂದ ಎಳೆಸಲೆಂದು ಮಾಡಿದ್ದ ಯೂರೋಪಿನ ಕಾಲುವೆ ದಂಡೆಗಳು, ಉದಾಹರಣೆಗೆ ಹದಿನೇಳನೆಯ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ತೋಡಿದ ಸುಮಾರು 240 ಕಿಲೋಮೀಟರ್ ಉದ್ದದ ಮಿದಿ ಕಾಲುವೆಯ ದಂಡೆ, ಇಂದು ಹೆಸರಾದ ಸೈಕಲ್ ದಾರಿಗಳಾಗಿವೆ. ಅಷ್ಟು ದೂರ ಹೋಗುವುದೂ ಬೇಡ: ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ಕಡೆಯಿಂದ ಊರೊಳಗೆ ಹರಿಯುವ, ಬಹುಕಾಲ ಕೊಳಚೆಯ ಕಾಲುವೆಯೆನಿಸಿಕೊಂಡ ನಾಲೆಯ ದಂಡೆಯನ್ನೇ ಸೈಕಲ್ಲಿಗೂ ನಡಿಗೆಗೂ ಮೀಸಲಾದ ಹಸಿರು ಪಥವನ್ನಾಗಿಸುವ ಯೋಜನೆಯನ್ನು ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವಿನೊಂದಿಗೆ ಕೈಗೊಳ್ಳಲಾಯಿತು. ಕೊಳಚೆ ನಾಲೆಗೆ ಸಲ್ಲುವ ಗೌರವ ಘಟಪ್ರಭೆಯ ಕಾಲುವೆಗೇಕೆ ಸಲ್ಲಬಾರದೆಂಬ ಪ್ರಶ್ನೆ ಸವಾರನಿಗೆ ಸಹಜವಾಗಿ ಎದ್ದಿತು.

ನಗರಗಳ ಇತರ ಪ್ರಯೋಗಗಳಿಂದ ಕಲಿಯಬೇಕಾದದ್ದು ಹೆಚ್ಚಾಗಿ ಎಚ್ಚರಿಕೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕೃಷ್ಣರಾಜಪುರದ ಕಡೆಯಿಂದ ಸಿಲ್ಕ್ ಬೋರ್ಡ್‌ವರೆಗೆ 2020ರಲ್ಲಿ ಕೈಗೆತ್ತಿಕೊಂಡ ಸುಮಾರು 17 ಕಿಲೋಮೀಟರ್‌ಗಳ ತಾತ್ಕಾಲಿಕ ಸೈಕಲ್ ಪಥವು, ಕಿತ್ತು ನೆಡಬಹುದಾದ ಗೂಟಗಳಿಂದ ಬೇರ್ಪಡಿಸಿದ್ದಾಗಿದ್ದು, ಮೆಟ್ರೋ ಕಾಮಗಾರಿ ಬಂದಾಗ ಛಿದ್ರವಾಯಿತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ ಶುರುವಾದ ‘ಟ್ರಿಣ್ ಟ್ರಿಣ್’, ಒಂದು ನಿಲ್ದಾಣದಲ್ಲಿ ಸೈಕಲ್ ಪಡೆದು ಇನ್ನೊಂದರಲ್ಲಿ ಬಿಡುವ ಸಾರ್ವಜನಿಕ ವ್ಯವಸ್ಥೆಯಾಗಿ, ಊರಿನವರ ಪ್ರೀತಿಯನ್ನು ಗಳಿಸಿತಾದರೂ ಅದಕ್ಕೆ ತಕ್ಕ ಪಥಗಳ ಜಾಲ ಬೆಳೆಯಲಿಲ್ಲ. ಬೆಂಗಳೂರಿನ ಗೂಟಗಳ ಹಿಂದೆ ಸವಾರರಿಗಾಗಿ ಕಾದ ಪಥವಿತ್ತು. ಮೂಡಲಗಿಯ ದಂಡೆಯಲ್ಲಿ ಪಥಕ್ಕಾಗಿ ಕಾದ ಸವಾರರಿದ್ದಾರೆ. ಎರಡನೆಯದೇ ಸುಲಭದ ಸಮಸ್ಯೆ.

ಸಂಘಟಿತ ಚಟುವಟಿಕೆಯ ಕೊರತೆಯೂ ಈ ಸೀಮೆಗಿಲ್ಲ. ಜಾತ್ರೆಯ ಭಿತ್ತಿಪತ್ರಗಳಲ್ಲಿ ಜೋಡೆತ್ತಿನ ಗಾಡಿಯ ಶರ್ಯತ್ತಿನ ಕೆಳಗೆ ಸೈಕಲ್ ಶರ್ಯತ್ತು ಎಂದು ಮುದ್ರಿಸಿ, ಬಹುಮಾನದ ಮೊತ್ತವನ್ನೂ ಕೊಡುಗೈ ದಾನಿಗಳ ಹೆಸರನ್ನೂ ಸಾರುವುದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳೆಯ ರೂಢಿ. ಇಲ್ಲಿ ಗೆದ್ದ ಹುಡುಗರೇ ಮುಂದೆ ವಿಜಯಪುರ, ಬಾಗಲಕೋಟೆಗಳ ಕ್ರೀಡಾನಿಲಯಗಳಿಗೆ, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆಯಂಥ ಸಂಸ್ಥೆಗಳಿಗೆ ಹೋಗಿ ರಾಷ್ಟ್ರಮಟ್ಟದ ಕನಸು ಕಾಣುತ್ತಾರೆ. ಹುಬ್ಬಳ್ಳಿಯ ಬೈಸಿಕಲ್ ಕ್ಲಬ್ಬು ನಡೆಸುವ ‘ಬ್ರೆವೆ’ಗಳು ಇನ್ನೊಂದು ಬಗೆಯವು. ಪ್ಯಾರಿಸ್ಸಿನ ಸಂಸ್ಥೆಯೊಂದರ ನಿಯಮಕ್ಕೊಳಪಟ್ಟ ಈ ದೂರಸವಾರಿಗಳಲ್ಲಿ ಗೆಲ್ಲುವವರೂ ಸೋಲುವವರೂ ಇರುವುದಿಲ್ಲ, 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ, 600 ಕಿಲೋಮೀಟರನ್ನು 40 ಗಂಟೆಗಳೊಳಗೆ ಮುಗಿಸಿದವರೆಲ್ಲರೂ ಉತ್ತೀರ್ಣರು. 2024ರ ಡಿಸೆಂಬರಿನಿಂದ ಕೇಂದ್ರ ಸರ್ಕಾರವು ‘ಭಾನುವಾರ ಸೈಕಲ್ ಮೇಲೆ’ ಎಂಬ ಕಾರ್ಯಕ್ರಮವನ್ನೂ ಪ್ರಾರಂಭಿಸಿದೆ. ಸೋಮವಾರದಿಂದ ಶನಿವಾರದವರೆಗೆ ಸೈಕಲ್ ತುಳಿಯುವವರ ಗತಿಯೇನೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರವನ್ನು ಇಲ್ಲಿಯೇ ಹುಡುಕಿಕೊಳ್ಳಲು ಬೇಕಾದ ಸಹಕಾರದ ಅಭ್ಯಾಸ ಈ ನೆಲಕ್ಕೆ ಉಂಟು. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು, ದೇಶದಲ್ಲಿ ಅಂಥ ಸಂಘಗಳು ಒಂದೊಂದಾಗಿ ಅಳಿದರೂ, ತನ್ನ ಹಳ್ಳಿಗಳಿಗೆ ತಾನೇ ವಿದ್ಯುತ್ತು ಹಂಚುತ್ತ ಬಂದಿದೆ. ತಂತಿ, ಕಂಬ, ಬಿಲ್ಲುಗಳ ತೊಡಕನ್ನು ನಿಭಾಯಿಸಿದ ಸೀಮೆಗೆ ಗರಸು ಹಾಸಿದ ಎರಡು ಮೀಟರ್ ಅಗಲದ ದಾರಿಯನ್ನು ಕಾಯ್ದುಕೊಳ್ಳುವುದು ಅಸಾಧ್ಯವೆನ್ನಲು ಕಾರಣವಿಲ್ಲ. ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ಬಂದ ತಿದ್ದುಪಡಿಯು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಶಾಸನದ ಬಲ ಕೊಟ್ಟಿದ್ದು, ಸದಸ್ಯ ರೈತರಿಗೆ ನೀರು ಹಂಚುವುದು, ವಿತರಣಾ ಕಾಲುವೆಗಳ ಹೂಳು ತೆಗೆಯುವುದು, ದುರಸ್ತಿ ಮಾಡುವುದು ಅವುಗಳ ಕೆಲಸ. ಕಾಲುವೆಗೆ ನೀರು ನಿಲ್ಲಿಸಿ ದುರಸ್ತಿಗೆ ತೆಗೆದುಕೊಳ್ಳುವ ಅವಧಿಯಲ್ಲಿಯೇ ದಂಡೆಗೆ ಗರಸು ಹಾಕಿ ಜಾಲಿ ಕಡಿಸುವ ಹೊಣೆಯನ್ನೂ ಈ ಸಂಘಗಳಿಗೆ ಸ್ವಲ್ಪ ಹಣದೊಂದಿಗೆ ವಹಿಸಿದರೆ, ದಂಡೆಯುದ್ದಕ್ಕೂ ಇರುವ ಪ್ರೌಢಶಾಲೆಗಳವರೆಗಾದರೂ ತುಣುಕು ತುಣುಕಾಗಿ ಪಥ ಸಿದ್ಧವಾಗಬಲ್ಲದು; ಮೂಡಲಗಿಯ ಹೊರವಲಯದಲ್ಲಿ ದಂಡೆಯಿಂದ ಇಳಿದು ಮತ್ತೆ ಟ್ರ್ಯಾಕ್ಟರುಗಳ ರಸ್ತೆಯನ್ನು ಸೇರಿಕೊಂಡ ಸವಾರನ ಲೆಕ್ಕದಲ್ಲಿ, ಕೆಲಸ ಶುರುವಾಗಬೇಕಾದದ್ದು ಆ ಕೊನೆಯ ತುಣುಕುಗಳಿಂದಲೇ.